ತುಂಬಿದ ಕೊಡಗಳ ಗಲ್ಲಿ

ಮಾನಮ್ಮನ ಮೇಲೆ ನನಗೆ ಬಂದಷ್ಟು ಸಿಟ್ಟು ನನ್ನ ಅತ್ತೆಯ ಮೇಲೂ ಬಂದಿರಲಿಲ್ಲ. ಅತ್ತೆ ಈಗಿಲ್ಲ, ಹಾಗಾಗಿ ಧೈರ್ಯದಿಂದ ಬರೆಯಬಹುದು. ಮಾನಮ್ಮ ಇದ್ದಾಳೆ, ಆದರೆ ಅವಳಿಗೆ ಓದಲು ಬರುವುದಿಲ್ಲ. ಓದಿ ಹೇಳಬೇಕಾದ ಮಗಳು ಅನಸೂಯಾ ಕಲಿಯುವುದು ಮರಾಠಿ ಶಾಲೆಯಲ್ಲಿ. ಕನ್ನಡ ಕೇಳಿದರೆ ತಿಳಿಯುತ್ತದೆ, ಅಕ್ಷರ ಗೊತ್ತಿಲ್ಲ. ಆದ್ದರಿಂದ ನಾನು ಇಲ್ಲಿ ಎಷ್ಟು ಬೈದರೂ ಆ ಮನೆಗೆ ಮುಟ್ಟುವುದಿಲ್ಲ. ಮುಟ್ಟಿದರೂ ಅವಳು ಏನು ಮಾಡುತ್ತಾಳೆಂದು ನನಗೆ ಗೊತ್ತು. "ಅಕ್ಕಾರ ಬೈದ್ರ ಏನಾತು, ನಮ್ಮೋರೇ ಅಲ್ಲೇನು" ಎಂದು ನನಗೇ ಒಂದು ಲೋಟ ನೀರು ಕೊಡುತ್ತಾಳೆ. ಆ ನೀರಿನ ಕಥೆಯೇ ಇದು.

ನಾನು ಡೊಂಬಿವಲಿಯವಳು. ಹುಟ್ಟಿದ್ದು ಕಾರ್ಕಳದ ಹತ್ತಿರ, ಮದುವೆಯಾಗಿ ಬಂದದ್ದು ಇಲ್ಲಿಗೆ. ರಬಾಳೆಯಲ್ಲಿ ಔಷಧಿಯ ಪೆಟ್ಟಿಗೆ ತಯಾರಿಸುವ ಕಂಪನಿಯೊಂದರ ಆಫೀಸಿನಲ್ಲಿ ಕೆಲಸ. ದಿನಾ ಬೆಳಿಗ್ಗೆ ಲೋಕಲ್ ಹಿಡಿದು ಠಾಣೆಗೆ, ಅಲ್ಲಿ ಗಾಡಿ ಬದಲಿಸಿ ರಬಾಳೆಗೆ. ಕಲ್ಯಾಣದಲ್ಲಿ ಅರ್ಧ ತುಂಬಿದ ಗಾಡಿ ಡೊಂಬಿವಲಿಯಲ್ಲಿ ಪೂರ್ತಿ ತುಂಬುತ್ತದೆ. ದಿವಾ ಬರುವಾಗ ಉಸಿರು ಬಿಡಲಿಕ್ಕೂ ಪಕ್ಕದವಳ ಅಪ್ಪಣೆ ಬೇಕು. ಬಾಗಿಲಲ್ಲಿ ನಾವು ಡೊಂಬಿವಲಿಯ ಹೆಂಗಸರು ಕೋಟೆ ಕಟ್ಟಿ ನಿಂತಿರುತ್ತೇವೆ. ದಿವಾದವರು ಹತ್ತಬಾರದು ಎಂದು ಯಾರೂ ಹೇಳುವುದಿಲ್ಲ. ಯಾರೂ ಸರಿಯುವುದೂ ಇಲ್ಲ, ಅಷ್ಟೇ.

ದಿವಾದಲ್ಲಿ ಗಾಡಿ ಹತ್ತಬೇಕಾದರೆ ನುಗ್ಗಬೇಕು, ಮೊಣಕೈ ಹಾಕಬೇಕು, ತಾಯಿಯ ಹೆಸರೆತ್ತಿ ಬೈಯಬೇಕು. ನಾನು ಮೊದಲು ಕಂಡ ದಿನ ಮಾನಮ್ಮ ಇದಾವುದನ್ನೂ ಮಾಡಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಸೆರಗು ಸರಿಮಾಡಿಕೊಂಡು ನಿಂತು, ಮದುವೆಮನೆಯ ಪಂಕ್ತಿಯಲ್ಲಿ ಜಾಗ ಕೇಳುವವರ ಹಾಗೆ, "ಒಂಚೂರು ಸರೀತೀರೇನ್ರೀ ಯವ್ವಾ" ಎಂದು ಕೇಳಿದಳು. ಅದೂ ಕನ್ನಡದಲ್ಲಿ. ಗಾಡಿ ಹೊರಟಿತ್ತು. ನಾನು ಬಗ್ಗಿ ಅವಳ ಮಣಿಕಟ್ಟು ಹಿಡಿದು ಒಳಗೆ ಎಳೆದುಕೊಂಡೆ. ಮರಾಠಿ ಹೆಂಗಸರೆಲ್ಲ ನನ್ನನ್ನು ಬೈದರು. ಅವಳು ಅವರಿಗೂ ಕೈಮುಗಿದು ಕ್ಷಮೆ ಕೇಳಿದಳು. ಅಂದಿನಿಂದ ದಿವಾ ಬಂದಾಗ ನನ್ನ ಕೈ ಹೊರಗೆ ಹೋಗುವುದು, ಅವಳ ಕೈ ಅದನ್ನು ಹಿಡಿಯುವುದು ರೂಢಿಯಾಯಿತು.

ಆಮೇಲೆ ತಿಳಿಯಿತು, ಅವಳೂ ನಮ್ಮ ಕಂಪನಿಯಲ್ಲೇ, ಪ್ಯಾಕಿಂಗಿನಲ್ಲಿ ಇದ್ದಾಳೆಂದು. ರಾಯಚೂರಿನ ದೇವದುರ್ಗದ ಕಡೆಯವಳು. ಗಂಡ ಬಾಲಪ್ಪ ಕಟ್ಟಡದ ಕೆಲಸಕ್ಕೆ ಬಂದವನು. ಅವನ ಹಿಂದೆ ಇವಳೂ ಬಂದು ಕಲ್ಯಾಣದಲ್ಲಿ, ಡೊಂಬಿವಲಿಯಲ್ಲಿ ಎತ್ತರೆತ್ತರದ ಟವರುಗಳಿಗೆ ಇಟ್ಟಿಗೆ ಹೊತ್ತವಳು. ನಮ್ಮ ಸೊಸೈಟಿಯ ಹಿಂದಿನ ಟವರಿಗೂ ಹೊತ್ತಿದ್ದಾಳಂತೆ. ಅಲ್ಲಿ ಈಗ ಮಹಡಿ ಮಹಡಿಗೆ ಈಜುಕೊಳದ ಜಾಹೀರಾತು ಇದೆ. ಬಾಲಪ್ಪ ಇನ್ನೂ ಅದೇ ಕೆಲಸದಲ್ಲಿದ್ದು, ಸೈಟಿನಲ್ಲೇ ಉಳಿದು ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಮಾನಮ್ಮನಿಗೆ ಬೆನ್ನುನೋವು ಹಿಡಿದ ಮೇಲೆ ರಬಾಳೆಯ ಈ ಕೆಲಸ ಸಿಕ್ಕಿತು. ಫ್ಯಾನಿನ ಕೆಳಗೆ ಕೂತು ಮಾಡುವ ಕೆಲಸ ಎಂದು ಅವಳಿಗೆ ಭಾರಿ ಹೆಮ್ಮೆ. ಊರಿಗೆ ಫೋನ್ ಮಾಡಿದಾಗಲೆಲ್ಲ ಮೊದಲು ಫ್ಯಾನಿನ ಸುದ್ದಿ ಹೇಳುತ್ತಿದ್ದಳು.

ದಿವಾ ಪೂರ್ವದಲ್ಲಿ ಅವರ ಮನೆ. ಎದುರುಬದುರಾಗಿ ಒಂದೇ ಕೋಣೆಯ ಖೋಲಿಗಳಿರುವ ಒಂದು ಗಲ್ಲಿ. ಹೆಚ್ಚಿನವರು ಅವಳ ಕಡೆಯವರೇ. ಆ ಗಲ್ಲಿಗೆ ನಲ್ಲಿ ಇಲ್ಲ. ರೈಲ್ವೆ ಹಳಿಯ ಪಕ್ಕದಲ್ಲಿ ಒಂದು ಪೈಪ್ ಇದೆ, ಬೆಳಿಗ್ಗೆ ಯಾವಾಗಲೋ ಅದರಲ್ಲಿ ನೀರು ಬರುತ್ತದೆ. ಅಷ್ಟರಲ್ಲಿ ಮಾನಮ್ಮ ನಮ್ಮ ಗಾಡಿಯಲ್ಲಿರುತ್ತಾಳೆ. ಹಾಗಾಗಿ ಸಾಲಿನಲ್ಲಿ ನಿಲ್ಲುವವಳು ಅನಸೂಯಾ. ನೀರು ಬೇಗ ಬಂದ ದಿನ ಹುಡುಗಿ ಶಾಲೆಗೆ, ತಡವಾದ ದಿನ ಇಲ್ಲ. ಅವಳು ಹತ್ತನೇ ತರಗತಿಗೆ ಬಂದ ಮೇಲೆ ಶಾಲೆಯವರು ತಾಯಿಯನ್ನು ಕರೆಸಿ ಹೇಳಿದರು, ಹೀಗೇ ಗೈರುಹಾಜರಿ ಆದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು.

ಮರುದಿನ ಗಾಡಿಯಲ್ಲಿ ಮಾನಮ್ಮ ನನ್ನ ಕೈ ಹಿಡಿದವಳು ಠಾಣೆ ಬಂದರೂ ಬಿಡಲಿಲ್ಲ. "ಅಕ್ಕಾರ, ಹುಡಿಗಿ ಹತ್ತನೇದು ಮುಗಿಸ್ಬೇಕ್ರಿ. ನಮ್ ಮನಿತನದಾಗ ಯಾರೂ ಅಲ್ಲಿತನ ಹೋಗಿಲ್ಲ. ನೀವು ನಾಕ್ ಮಂದೀನ ಬಲ್ಲೋರು. ನಮ್ ಗಲ್ಲಿಗಿ ಒಂದ್ ನಳ ಹಾಕ್ಸಿಕೊಡ್ರಿ."

ನಾಲ್ಕು ಮಂದಿಯನ್ನು ಬಲ್ಲವಳು! ನಾನು ಬಲ್ಲ ದೊಡ್ಡ ಮನುಷ್ಯ ಎಂದರೆ ನನ್ನ ಗಂಡ ಗುರುವಪ್ಪ. ವಾಗ್ಳೆ ಎಸ್ಟೇಟಿನಲ್ಲಿ ಒಂದು ಹೋಟೆಲಿನ ಮ್ಯಾನೇಜರು. ಅವರಿಗಿರುವ ಚಟ ಒಂದೇ, ಪೇಪರಿನಲ್ಲಿ ರಾಜ್ಯಗಳ ಸ್ಥಾನಮಾನ ಓದುವುದು. ತಲಾ ಆದಾಯದಲ್ಲಿ ಯಾರು ಮುಂದೆ, ಸಾಕ್ಷರತೆಯಲ್ಲಿ ಯಾರು, ಶಿಶುಮರಣ ಎಲ್ಲಿ ಕಡಿಮೆ, ಕಾರ್ಖಾನೆ ಎಲ್ಲಿ ಜಾಸ್ತಿ, ಎಲ್ಲ ಬಾಯಿಪಾಠ. ಬೇರೆಯವರು ಕ್ರಿಕೆಟ್ ನೋಡಿದ ಹಾಗೆ ಇವರು ಇದನ್ನು ನೋಡುವುದು. ಮಹಾರಾಷ್ಟ್ರ ಮೇಲೆ ಬಂದರೆ ಇರುವ ಊರು ಗೆದ್ದಿತು, ಕರ್ನಾಟಕ ಮೇಲೆ ಬಂದರೆ ಹುಟ್ಟಿದ ಊರು ಗೆದ್ದಿತು. ಸೋಲೇ ಇಲ್ಲದ ಆಟ. ಮನೆಯಲ್ಲಿ ನಮ್ಮದು ತುಳು, ಆದರೂ ಅಂಕಿ ಹೇಳುವಾಗ ಅವರಿಗೆ ಕನ್ನಡವೇ ಆಗಬೇಕು, ಭಾಷಣದ ಗತ್ತು ಬರುತ್ತದೆ. "ಕೇಳಿತಾ ಜಯಾ, ನಾವು ಎಲ್ಲಿ ಕೂತರೂ ಮೇಲಿನ ಸಾಲಿನಲ್ಲೇ ಕೂತದ್ದು ಮಾರಾಯ್ತಿ!" ಎನ್ನುತ್ತಿದ್ದರು. ನಾನು ದೋಸೆ ಮಗುಚುತ್ತಿದ್ದೆ.

ಆದರೂ ದಾರಿ ಸಿಕ್ಕಿದ್ದು ಅವರ ಪೇಪರಿನಿಂದಲೇ. ಯಾವ ಮನೆಗೆ ನೀರಿದೆ, ಯಾವ ಮನೆಗಿಲ್ಲ ಎಂದು ನೋಡಲು ಸಮೀಕ್ಷೆ ನಡೆಯುತ್ತಿದೆ, ಗುತ್ತಿಗೆ ಹಿಡಿದ ಸಂಸ್ಥೆಯವರು ಮನೆಮನೆಗೆ ಬರುತ್ತಾರೆ, ನೀರಿಲ್ಲದ ಗಲ್ಲಿಗಳಿಗೆ ಮುಂದಿನ ಹಂತದಲ್ಲಿ ಪೈಪ್ ಬರುತ್ತದೆ ಎಂದು ಸಣ್ಣ ಅಕ್ಷರದಲ್ಲಿತ್ತು. ನಾನು ಆ ಸಂಸ್ಥೆಯ ಆಫೀಸು ಹುಡುಕಿಕೊಂಡು ಹೋದೆ. ಮಾನಮ್ಮನ ಗಲ್ಲಿ ಅವರ ನಕ್ಷೆಯಲ್ಲೇ ಇರಲಿಲ್ಲ. ಅಲ್ಲಿಂದ ನನ್ನ ಅಲೆದಾಟ ಶುರು. ಒಬ್ಬರಿಲ್ಲ, ಒಬ್ಬರು ಊಟಕ್ಕೆ ಹೋಗಿದ್ದಾರೆ, ಒಬ್ಬರು ಇದ್ದಾರೆ ಆದರೆ ಅವರು ನೀರಲ್ಲ, ಶೌಚಾಲಯ. ಮಳೆಗಾಲ ಶುರುವಾದಾಗ ಹಿಡಿದ ಕೆಲಸ, ನವರಾತ್ರಿಗೆ ಗಲ್ಲಿ ನಕ್ಷೆಗೆ ಬಂತು. ಕಡೆಗೊಂದು ದಿನ ಮನೀಶ್ ಎಂಬ ಮರಾಠಿ ಹುಡುಗ, ಮನೆಮನೆಗೆ ಹೋಗುವ ಕೆಲಸದವನು, ಫೋನ್ ಮಾಡಿ ಗುರುವಾರ ಬರುತ್ತೇನೆಂದ. ನಾನು ಮಾನಮ್ಮನಿಗೆ ಹೇಳಿದೆ. ಅವಳು ಗಲ್ಲಿಗೆ ಹೇಳಿದಳು. ಅಲ್ಲಿಗೆ ಮುಗಿಯಿತು.

ಗುರುವಾರ ರಜೆ ಹಾಕಿ ದಿವಾದಲ್ಲಿ ಇಳಿದು, ಮನೀಶನನ್ನು ಕರೆದುಕೊಂಡು ಗಲ್ಲಿಯ ತಿರುವಿಗೆ ಬಂದವಳು ಹಾಗೇ ನಿಂತುಬಿಟ್ಟೆ. ಗಲ್ಲಿ ಗುಡಿಸಿ, ನೀರು ಚಿಮುಕಿಸಿ, ಮನೆಮನೆಯ ಮುಂದೆ ರಂಗೋಲಿ. ಪ್ರತಿ ಹೊಸ್ತಿಲ ಎರಡು ಬದಿಗೂ ಹುಣಸೆಹಣ್ಣಿನಲ್ಲಿ ತಿಕ್ಕಿದ ಹಿತ್ತಾಳೆ ಕೊಡ, ಸ್ಟೀಲ್ ಕೊಡ, ಪ್ಲಾಸ್ಟಿಕ್ ಡ್ರಮ್ಮು. ಎಲ್ಲವೂ ಕಂಠಮಟ್ಟ ತುಂಬಿವೆ. ಕೊಡದ ಕೊರಳಿಗೆ ಕುಂಕುಮ, ಬಾಯಲ್ಲಿ ವೀಳ್ಯದೆಲೆ. ಒಂದೇ ಒಂದು ಖಾಲಿ ಚೊಂಬೂ ಕಣ್ಣಿಗೆ ಬೀಳಲಿಲ್ಲ. ಹಿಂದಿನ ದಿನ ಗಲ್ಲಿಯವರೆಲ್ಲ ಸೇರಿ, ಕೈಯಿಂದ ದುಡ್ಡು ಹಾಕಿ, ಒಂದು ಟ್ಯಾಂಕರು ತರಿಸಿ ಇದ್ದಬದ್ದ ಪಾತ್ರೆಗಳನ್ನೆಲ್ಲ ತುಂಬಿಸಿದ್ದರು. ಸಾಹೇಬರು ಬರುತ್ತಾರಲ್ಲ!

ಮನೀಶ್ ಟ್ಯಾಬ್ ತೆಗೆದು ಫೋಟೊ ಹೊಡೆಯತೊಡಗಿದ. ನಾನು ಅವನ ಹಿಂದೆ ಹಿಂದೆ ಹೋಗಿ, ಇದು ಕೊಂಡುತಂದ ನೀರು, ಇಲ್ಲಿ ನಲ್ಲಿ ಎಲ್ಲಿದೆ ತೋರಿಸಿ ಎಂದು ಬಡಕೊಂಡೆ. ಅವನು ಒಳ್ಳೆಯವನೇ. "ಮ್ಯಾಡಮ್, ಆಪ್ ಮತ್ ಬೋಲೋ. ಘರ್‌ವಾಲಾ ಬೋಲೇಗಾ ತೋ ಹೀ ಲಿಖ್ ಸಕ್ತಾ ಹೂಂ" ಎಂದ. ಮನೆಯವರ ಬಾಯಿಂದ ಬಂದದ್ದನ್ನು ಮಾತ್ರ ಬರೆಯಬೇಕು, ಅದು ನಿಯಮ. ಸರಿ, ಕೇಳು ಎಂದೆ.

ಅವನು ಮಾನಮ್ಮನ ಬಾಗಿಲಿಗೆ ಹೋದ. ಅವಳು ಹೊಸ ಸೀರೆ ಉಟ್ಟು ನಿಂತಿದ್ದಳು. ಅವನು ಬಾಯಿ ತೆರೆಯುವ ಮೊದಲೇ ಒಂದು ತಟ್ಟೆಯಲ್ಲಿ ಬೆಲ್ಲದ ಉಂಡೆ, ಒಂದು ಲೋಟ ನೀರು ಬಂತು. ಬಿಸಿಲಿನಲ್ಲಿ ಬಂದ ಹುಡುಗ ಗಟಗಟ ಕುಡಿದ. ಕುಡಿದು, ನೀರು ಸರಿಯಾಗಿ ಸಿಗುತ್ತದಲ್ಲ ಎಂದು ಕೇಳಿದ, "ಮೌಸಿ, ಪಾನಿ ಬರಾಬರ್ ಮಿಲ್ತಾ ಹೈ ನಾ?"

ನಾನು ಮಾನಮ್ಮನ ಮುಖ ನೋಡಿದೆ. ಹೇಳು ಮಾರಾಯ್ತಿ, ಇಲ್ಲ ಎಂದು ಒಂದು ಮಾತು ಹೇಳು.

"ಮಿಲ್ತಾ ಹೈ ಸಾಬ್" ಎಂದಳು ಮಾನಮ್ಮ. "ಔರ್ ದೂ?"

ಇನ್ನೊಂದು ಲೋಟ ಕೊಟ್ಟಳು. ಪಕ್ಕದ ಮನೆಯ ಮುದುಕಿ ಚಂದವ್ವನೂ ಹಾಗೇ ಹೇಳಿ ಹಾಗೇ ಕೊಟ್ಟಳು. ಗಲ್ಲಿ ಮುಗಿಯುವಾಗ ಮನೀಶನ ಹೊಟ್ಟೆಯಲ್ಲಿ ನೀರು ಕುಲುಕುತ್ತಿತ್ತು. ಅಷ್ಟೂ ಮನೆಗಳು ನೀರಿರುವ ಮನೆಗಳಾಗಿ ಟ್ಯಾಬಿನೊಳಗೆ ಹೋದವು.

ಅವನು ಹೋದ ಮೇಲೆ ನಾನು ಮಾನಮ್ಮನ ಖೋಲಿಯಲ್ಲಿ ಕೂತು ಮಾಡಿದ ಗಲಾಟೆ ಗಲ್ಲಿಗೆಲ್ಲ ಕೇಳಿರಬೇಕು. "ನಿನಗೆ ಬುದ್ಧಿ ಉಂಟಾ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ! ನಾನು ತಿಂಗಳುಗಟ್ಟಲೆ ಚಪ್ಪಲಿ ಸವೆಸಿದ್ದು ನಿನ್ನ ಕೊಡದ ಕುಂಕುಮ ತೋರಿಸ್ಲಿಕ್ಕಾ?"

ಮಾನಮ್ಮ ತಲೆ ತಗ್ಗಿಸಿಕೊಂಡಳು. "ಅಕ್ಕಾರ, ನೀವು ಶಾಣ್ಯಾರು. ನೀವೇ ಹೇಳ್ರಿ. ಕೆಲಸಕ್ಕಂತ ಹೊಂಟು ಬಂದ ಮನಷಾಗ ಖಾಲಿ ಕೊಡ ಎದುರಿಗಿ ತೋರ್ಸಬಾರದ್ರಿ, ಅವನ ಕೆಲಸ ಕೆಡ್ತದ. ತುಂಬಿದ ಕೊಡ ಕಂಡ್ರ ಕೆಲಸ ಆಗ್ತದ. ನಮ್ ಕೆಲಸ ಆಗ್ಲಿ ಅಂತೇ ತುಂಬ್ಸಿದ್ವಿ."

"ಅದು ಹೋಗ್ಲಿ. ಅವನು ಕೇಳಿದಾಗ ಇಲ್ಲ ಅಂತ ಹೇಳ್ಲಿಕ್ಕೆ ನಿನ್ನ ಬಾಯಿಗೆ ಏನಾಗಿತ್ತು?"

"ನಾನೇ ಕೊಟ್ಟ ನೀರಿನ ಲೋಟ ಅವನ ಕೈಯಾಗಿತ್ರಿ. ಕುಡದು ಹೊಟ್ಟಿ ತಣ್ಣಗ ಮಾಡ್ಕೊಂಡ ಹುಡುಗಗ ನಮ್ಮನ್ಯಾಗ ನೀರಿಲ್ಲಪ್ಪ ಅಂದ್ರ, ಕುಡದಿದ್ದು ಅವಗ ಮೈಗಿ ಹತ್ತತದೇನ್ರಿ?"

ಇದಕ್ಕೆ ಏನು ಹೇಳುತ್ತೀರಿ? ಮೂಲೆಯಲ್ಲಿ ಕೂತಿದ್ದ ಅನಸೂಯಾ ಪುಸ್ತಕದಿಂದ ತಲೆ ಎತ್ತಿ, "ಮಮ್ಮಿ ಐಸೀಚ್ ಹೈ ಆಂಟಿ" ಎಂದಳು, ಅಮ್ಮ ಇರುವುದೇ ಹೀಗೆ ಎಂದು. ನಗಲೂ ಇಲ್ಲ, ಅಳಲೂ ಇಲ್ಲ.

ಆಮೇಲೆ ಆದದ್ದು ಇನ್ನೂ ಚೆಂದ. ಗಲ್ಲಿಗೆ ಆಗಾಗ ಬರುತ್ತಿದ್ದ ಪುಕ್ಕಟೆ ಟ್ಯಾಂಕರು ನಿಂತಿತು. ಕೇಳಲು ಹೋದವರಿಗೆ, ನಿಮ್ಮಲ್ಲಿ ನೀರಿದೆಯಲ್ಲ, ಫೋಟೊ ಇದೆ ಎಂದು ಉತ್ತರ ಬಂತು. ನಮ್ಮ ಕನ್ನಡದವರ ಸಂಘದಲ್ಲಿ ರಾಜ್ಯೋತ್ಸವಕ್ಕೆ ಒಂದು ಚರ್ಚೆ ಇಟ್ಟರು, ಹುಟ್ಟಿದ ರಾಜ್ಯ ಮುಂದೋ, ಇರುವ ರಾಜ್ಯ ಮುಂದೋ ಎಂದು. ಅಧ್ಯಕ್ಷತೆ ಗುರುವಪ್ಪನವರದ್ದೇ. ದಿವಾದ ಮಂದಿಯ ಪಾಡು ಏನೆಂದು ಅವಳು ಹೇಳಲಿ, ಇವರೂ ಕೇಳಲಿ ಎಂದು ನಾನು ಮಾನಮ್ಮನನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದೆ. ಅಂಕಿಗಳ ಮೇಲೆ ಅಂಕಿ ಬಿದ್ದವು. ಕಡೆಗೆ ಇವರು ಮೈಕ್ ಅವಳ ಮುಂದೆ ಹಿಡಿದು, "ನೀವು ಹೇಳಿ ಅಮ್ಮಾ, ಎರಡೂ ಕಡೆ ದುಡಿದವರು. ಯಾವುದು ಮುಂದೆ ಉಂಟು?" ಎಂದು ಕೇಳಿದರು.

ಮಾನಮ್ಮ ಎದ್ದು ನಿಂತು, ಸಭೆಗೆ ಕೈಮುಗಿದು, "ಎರಡೂ ಛಲೋ ಅದಾವ್ರಿ. ನಮಗೇನೂ ಕಡಿಮಿ ಇಲ್ರಿ" ಎಂದಳು.

ಚಪ್ಪಾಳೆ ಅಂದರೆ ಚಪ್ಪಾಳೆ. ಗುರುವಪ್ಪನವರು ಅವಳಿಗೆ ಶಾಲು ಹೊದೆಸಿದರು. ಬರುವಾಗ ದಾರಿಯುದ್ದಕ್ಕೂ ನಾನು ಒಂದಕ್ಷರ ಮಾತಾಡಲಿಲ್ಲ. ಅವಳು ಶಾಲು ಮಡಚಿ ಚೀಲದಲ್ಲಿಟ್ಟುಕೊಂಡು, "ಬೈರಿ ಅಕ್ಕಾರ, ಸುಮ್ಮಕ್ಕಿರಬ್ಯಾಡ್ರಿ" ಎಂದಳು. ಬೈಯಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿ ಸಾಕಾಗಿತ್ತು.

ಅನಸೂಯಾಳ ಗೈರುಹಾಜರಿ ಬೆಳೆಯುತ್ತಲೇ ಇತ್ತು. ನಾನು ಮತ್ತೆ ಆ ಸಂಸ್ಥೆಯ ಆಫೀಸಿಗೆ ಹೋದೆ. ಮನೀಶ್ ಮೇಲಿನವರ ಹತ್ತಿರ ಮಾತಾಡಿ ಒಂದು ಉಪಕಾರ ಮಾಡಿದ. ಸಮೀಕ್ಷೆಯ ಕಡೆಯ ದಿನದೊಳಗೆ, ಅನುಮಾನವಿರುವ ಗಲ್ಲಿಗಳನ್ನು ಇನ್ನೊಮ್ಮೆ ನೋಡುತ್ತಾರಂತೆ; ಈ ಗಲ್ಲಿಗೆ ಅವನ ದೊಡ್ಡ ಸಾಹೇಬರೇ ಜೊತೆಗೆ ಬರುತ್ತಾರೆ ಎಂದ. ಇದು ತಪ್ಪಿದರೆ ಇನ್ನಿಲ್ಲ ಎಂದೂ ಹೇಳಿದ.

ಈ ಸಲ ನಾನೇ ಗಲ್ಲಿಗೆ ಹೋಗಿ ಹೆಂಗಸರನ್ನೆಲ್ಲ ಕೂರಿಸಿ ಪಾಠ ಮಾಡಿದೆ. ಒಂದು ತೊಟ್ಟು ನೀರು ತುಂಬಿಸಬಾರದು. ಇದ್ದಬದ್ದ ಕೊಡಗಳನ್ನೆಲ್ಲ ಖಾಲಿ ಮಾಡಿ ಹೊಸ್ತಿಲ ಮುಂದೆ ಮಗುಚಿ ಹಾಕಬೇಕು. ಬಂದವರಿಗೆ ನೀರು ಕೊಡಬಾರದು. ನೀವು ಬಾಯಿ ಬಿಟ್ಟರೆ ಕೆಡುತ್ತದೆ, ನಾನು ಬರುವ ತನಕ ಮಾತೇ ಆಡಬೇಡಿ, ನಾನು ಅವರ ಜೊತೆಗೇ ಬಂದು ಒಬ್ಬೊಬ್ಬರಿಗೂ ಏನು ಹೇಳಬೇಕೆಂದು ಹೇಳಿಕೊಡುತ್ತೇನೆ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಚಂದವ್ವ ಎದೆಗೆ ಕೈ ಇಟ್ಟುಕೊಂಡಳು. "ಕೊಡ ಡಬ್ಬ ಹಾಕೋದಾ? ಸತ್ತೋರ ಮನ್ಯಾಗ ಅಲ್ಲೇನವ್ವ ನೀರೆಲ್ಲ ಚೆಲ್ಲಿ ಕೊಡ ಡಬ್ಬ ಹಾಕೋದು?"

"ನೀವು ಹೀಗೇ ಕೂತರೆ ಈ ಹುಡುಗಿಯ ಶಾಲೆ ಸಾಯ್ತದೆ, ಅದು ಆಗ್ಬಹುದಾ?" ಎಂದು ನಾನು ಕಿರುಚಿದೆ.

ಮಾನಮ್ಮ ಮಗಳನ್ನು ನೋಡಿದಳು. ಹುಡುಗಿ ನೆಲ ನೋಡುತ್ತಿದ್ದಳು. "ಆತ್ರಿ ಅಕ್ಕಾರ" ಎಂದಳು ಮಾನಮ್ಮ. "ನೀವು ಹೇಳ್ದಂಗ. ಇದ್ದ ಗಂಡನ್ನ ಸತ್ತ ಅಂತ ತೋರ್ಸಿದಂಗ ಆಗ್ತದ ಖರೆ. ಆದ್ರೂ ಮಾಡ್ತೀನಿ." ಅವಳು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ನೋಡಿದರೂ ಜಗ್ಗಲಿಲ್ಲ.

ಆ ದಿನ ನನಗೆ ಪೂರ್ತಿ ರಜೆ ಸಿಗಲಿಲ್ಲ. ಅರ್ಧ ದಿನ ಮುಗಿಸಿ ರಬಾಳೆಯಿಂದ ಹೊರಟೆ. ಠಾಣೆಯಲ್ಲಿ ಗಾಡಿ ಬದಲಿಸಿ, ಕಳವಾ ದಾಟಿದೆವೋ ಇಲ್ಲವೋ, ಗಾಡಿ ನಿಂತಿತು. ಸಿಗ್ನಲ್ ಕೆಟ್ಟಿತ್ತು. ಫೋನ್ ಮಾಡಿದರೆ ಮನೀಶ್ ಎತ್ತಲಿಲ್ಲ. ದಿವಾದಲ್ಲಿ ಇಳಿದು ಓಡಿದೆ. ರಿಕ್ಷಾ ಸ್ಟ್ಯಾಂಡಿನಲ್ಲಿ ಅವನೇ ಎದುರಿಗೆ ಬಂದ. ಒಬ್ಬನೇ ಇದ್ದ, ಮುಖ ಬಾಡಿತ್ತು.

"ಬಹುತ್ ಬುರಾ ಹುವಾ ಮ್ಯಾಡಮ್" ಎಂದ. "ಕೌನ್ ಗುಜರ್ ಗಯಾ?"

ಯಾರು ತೀರಿಕೊಂಡರು ಎಂದು ಕೇಳುತ್ತಿದ್ದಾನೆ.

ನಡೆದದ್ದು ಇಷ್ಟು. ಮಗುಚಿದ ಕೊಡಗಳ ಮುಂದೆ ಎಂದಿನಂತೆ ಓಡಾಡಿಕೊಂಡಿರಲು ಚಂದವ್ವನಿಂದ ಆಗಲಿಲ್ಲ. ಎಲ್ಲ ಗೊತ್ತಿದ್ದೂ ಮಾನಮ್ಮನ ಬಾಗಿಲಿಗೆ ಬಂದು, ತಲೆ ಮೇಲೆ ಸೆರಗು ಎಳೆದುಕೊಂಡು ಕೂತಳು. ಅವಳನ್ನು ನೋಡಿ ಇನ್ನೊಬ್ಬಳು, ಮತ್ತೊಬ್ಬಳು. ಗಲ್ಲಿಯ ಹೆಂಗಸರೆಲ್ಲ ಒಂದೆಡೆ ಸೇರಿ ನೆಲ ನೋಡುತ್ತ ಕೂತರು. ಸಾಹೇಬರೂ ಮನೀಶನೂ ತಿರುವಿಗೆ ಬಂದಾಗ ಕಂಡದ್ದು ಇದು. ಅವರೂ ಹಳ್ಳಿ ಕಡೆಯಿಂದ ಬಂದವರೇ. ಚಪ್ಪಲಿ ಬಿಟ್ಟು, ದೂರದಿಂದಲೇ ಕೈಮುಗಿದು ಹಿಂದೆ ಹೋದರು. ಸಾಹೇಬರು ಕಲ್ಯಾಣದ ಗಾಡಿ ಹತ್ತಿಯೂ ಆಗಿತ್ತು.

ನಾನು ಮನೀಶನಿಗೆ ಎಲ್ಲವನ್ನೂ ಹೇಳಿದೆ. ವಾಪಸ್ ನಡಿ, ಈಗಲೇ ನೋಡು ಎಂದೆ. ಅವನು ಟ್ಯಾಬ್ ತೋರಿಸಿದ. ಭೇಟಿ ಆಗಲಿಲ್ಲ, ಹಿಂದಿನ ಉತ್ತರವೇ ಇರಲಿ ಎಂದು ಸಾಹೇಬರು ಒತ್ತಿಬಿಟ್ಟಿದ್ದರು. ಹೋದದ್ದು ಹೋಯಿತು, ವಾಪಸ್ ತೆಗೆಯಲು ಬರುವುದಿಲ್ಲ, ಅದೇ ಕಡೆಯ ದಿನ. "ನೆಕ್ಸ್ಟ್ ರೌಂಡ್ ಮೆ ಪಕ್ಕಾ, ಮ್ಯಾಡಮ್" ಎಂದ. ಅವನದ್ದೇ ಕಾಂಟ್ರಾಕ್ಟ್ ಮುಂದಿನ ಸಲ ಇರುತ್ತದೋ ಇಲ್ಲವೋ. ಅವನನ್ನು ಬೈದು ಪ್ರಯೋಜನವಿರಲಿಲ್ಲ. ಆದರೂ ರಿಕ್ಷಾದವರೆಲ್ಲ ತಿರುಗಿ ನೋಡುವ ಹಾಗೆ ಬೈದೆ.

ಗಲ್ಲಿಗೆ ಹೋದಾಗ ಮಾನಮ್ಮ ಇನ್ನೂ ಕೂತೇ ಇದ್ದಳು. ನನ್ನನ್ನು ನೋಡಿ ಅವಳ ಮುಖ ಅರಳಿತು.

"ನೀವು ಹೇಳ್ದಂಗೇ ಮಾಡೀನ್ರಿ ಅಕ್ಕಾರ. ಬಂದ್ರು, ಕೈ ಮುಗದ್ರು, ಹೋದ್ರು. ಬಿಸಲಾಗ ಬಂದಿದ್ರು ಪಾಪ. ಬಾಯಿ ಬಿಡಬ್ಯಾಡ ಅಂದಿದ್ರಿ, ಬಿಡ್ಲಿಲ್ಲ. ನೀರೂ ಕೊಡ್ಲಿಲ್ಲ. ಈ ಸಲ ಆತಲ್ರಿ?"

ನಾನು ಹೊಸ್ತಿಲ ಮೇಲೆ ಕೂತು ಆಗಲಿಲ್ಲ ಎಂದು ಹೇಳಿದೆ. ಯಾಕೆ ಎಂಬುದನ್ನೂ ಹೇಳಿದೆ. ಅನಸೂಯಾ ಎದ್ದು ಒಂದೊಂದೇ ಕೊಡವನ್ನು ನೆಟ್ಟಗೆ ನಿಲ್ಲಿಸತೊಡಗಿದಳು. "ಛೋಡೋ ನಾ ಆಂಟಿ" ಎಂದಳು. "ಮೈ ಭರ್ ಲೂಂಗಿ ಪಾನಿ. ಸ್ಕೂಲ್ ನಹೀ ತೋ ನಹೀ." ನೀರು ತಾನೇ ತುಂಬುತ್ತಾಳಂತೆ, ಶಾಲೆ ಇಲ್ಲದಿದ್ದರೆ ಇಲ್ಲವಂತೆ.

ಮಾನಮ್ಮ ಮಗಳ ಕೈಯಿಂದ ಕೊಡ ಕಿತ್ತುಕೊಂಡಳು. ಅವಳು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಇನ್ನ ಮ್ಯಾಲ ಈ ಕೊಡ ಮುಟ್ಟಿದಿ ಅಂದ್ರ ಕೈ ಮುರೀತೀನಿ. ಸಾಲಿಗಿ ಹೋಗು."

ಮುಂದಿನ ಸೋಮವಾರ ದಿವಾದಲ್ಲಿ ನನ್ನ ಕೈ ಹೊರಗೆ ಹೋಯಿತು, ಹಿಡಿಯುವವರು ಇರಲಿಲ್ಲ. ಜ್ವರವೇನೋ ಎಂದುಕೊಂಡೆ. ಕಂಪನಿಗೆ ಹೋದರೆ ಸೂಪರ್‌ವೈಸರ್ ಹೇಳಿದ, ಅವಳು ಶನಿವಾರವೇ ಕೆಲಸ ಬಿಟ್ಟಳು ಎಂದು. ಅವಳ ಫ್ಯಾನಿನ ಕೆಳಗೆ ಬೇರೊಬ್ಬಳು ಕೂತಿದ್ದಳು. ನನಗೆ ಒಂದು ಮಾತು ಹೇಳಲಿಲ್ಲ. ಹೇಳಿದ್ದರೆ ನಾನು ಬಿಡುತ್ತಿರಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ಬಿಡದೆ ಏನು ಮಾಡುತ್ತಿದ್ದೆನೋ.

ಅನಸೂಯಾ ಈಗ ದಿನಾ ಶಾಲೆಗೆ ಹೋಗುತ್ತಾಳೆ. ಪರೀಕ್ಷೆಗೆ ಕೂರಿಸುತ್ತಾರಂತೆ.

ಮೊನ್ನೆ ಬೆಳಿಗ್ಗೆ ಗುರುವಪ್ಪನವರು ಪೇಪರು ಹಿಡಿದು ಮತ್ತೆ ಶುರುಮಾಡಿದರು. ಯಾವುದೋ ಹೊಸ ವರದಿ. ನೀರಿನ ಲೆಕ್ಕದಲ್ಲಿ ನಾವಿರುವ ರಾಜ್ಯ ಮೇಲೆ ಹೋಗಿದೆ. "ನೋಡು, ಆಗ ನೀನು ಸುಮ್ಮನೆ ಬೊಬ್ಬೆ ಹೊಡೆದದ್ದು" ಎಂದು ನಕ್ಕರು. ಆಮೇಲೆ ಕನ್ನಡಕ ಸರಿಮಾಡಿಕೊಂಡರು. "ಇದೊಂದು ಮಾತ್ರ ಅರ್ಥ ಆಗುದಿಲ್ಲ ಜಯಾ. ಇಷ್ಟು ಮುಂದುವರಿದ ರಾಜ್ಯ. ನೀರುಂಟು, ಕರೆಂಟು ಉಂಟು, ಕಂಪನಿ ಉಂಟು. ಆದರೂ ಕೆಲಸಕ್ಕೆ ಹೋಗುವ ಹೆಂಗಸರ ಲೆಕ್ಕದಲ್ಲಿ ನಾವು ಕೆಳಗೆ. ಈ ಹೆಂಗಸರಿಗೆ ಮನೆಯಲ್ಲಿ ಕೂತುಕೊಂಡು ಎಂಥ ಕೆಲಸ?"

ನಾನು ದೋಸೆ ಹುಟ್ಟನ್ನು ಅವರ ಪೇಪರಿನ ಮೇಲೆ ಇಟ್ಟೆ, ಎಣ್ಣೆಯ ಬದಿಯನ್ನು ಕೆಳಗೆ ಮಾಡಿ. ಚೀಲ ತೆಗೆದುಕೊಂಡು ಹೊರಟೆ. ಹಿಂದಿನಿಂದ "ಎಂಥಾಯ್ತು ಮಾರಾಯ್ತಿ ನಿನಗೆ" ಎನ್ನುತ್ತಿದ್ದರು.

ಗಾಡಿ ದಿವಾ ಬಿಟ್ಟ ಮೇಲೆ ಹಳಿಯ ಪಕ್ಕದ ಆ ಪೈಪಿನ ಹತ್ತಿರ ಸ್ವಲ್ಪ ನಿಧಾನವಾಗುತ್ತದೆ. ನಾನು ಈಗ ಬಾಗಿಲಿನ ಆ ಬದಿಗೇ ನಿಲ್ಲುವುದು. ಹೆಂಗಸರ ಸಾಲು ಉದ್ದಕ್ಕಿತ್ತು, ನೀರು ಇನ್ನೂ ಬಂದಿರಲಿಲ್ಲ. ನಡುವೆ ಮಾನಮ್ಮ, ಕಂಕುಳಲ್ಲಿ ಹಿತ್ತಾಳೆ ಕೊಡ. "ಮಾನಮ್ಮಾ!" ಎಂದು ಕೂಗಿದೆ. ಅವಳು ತಿರುಗಿ ನೋಡಿದಳು, ನಕ್ಕಳು, ಕೈ ಎತ್ತಲು ಹೋದಳು. ಅಷ್ಟರಲ್ಲಿ ಅವಳಿಗೆ ಏನೋ ನೆನಪಾಯಿತು. ನಾನು ಕೆಲಸಕ್ಕೆ ಹೊರಟವಳು. ಅವಳು ಗಡಿಬಿಡಿಯಿಂದ ಖಾಲಿ ಕೊಡವನ್ನು ಬೆನ್ನ ಹಿಂದೆ ಸರಿಸಿ, ಸೆರಗು ಮುಚ್ಚಿ, ಗಾಡಿ ಪೂರ್ತಿ ದಾಟುವ ತನಕ ಹಾಗೇ ನಿಂತಿದ್ದಳು.